ಸಿಪ್ಪೆ ತೆಗೆದ ಗುಳಿಗೆ

ಭೋಜ ಗ್ರಾಮದ ಚಂದ್ರಮತಿ ಅಳಲಿಲ್ಲ ಎಂಬುದೇ ಆ ವರ್ಷ ಓಣಿಯ ದೊಡ್ಡ ಸುದ್ದಿಯಾಯಿತು. ಗಂಡ ಜಯಪಾಲನಿಗೆ ರಕ್ತದ ಕ್ಯಾನ್ಸರ್ ಎಂದು ಮಿರಜದಿಂದ ಫೋನು ಬಂದ ದಿನ ನೆರೆಮನೆಯ ಹೆಂಗಸರೆಲ್ಲ ಸೆರಗನ್ನು ಕಣ್ಣಿಗೆ ಒತ್ತಿಕೊಂಡೇ ಹೊಸ್ತಿಲು ದಾಟಿದರು. ಬಂದವರು ಕಂಡದ್ದೇನು? ಇವಳು ಹಿತ್ತಿಲಲ್ಲಿ ಕೂತು ಹಾಲಿನ ಪಾತ್ರೆಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಾಳೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದಾಳೆ.

"ಕಲ್ಲು ಬೇ ಇಕಿ," ಎಂದಳು ನೆರೆಮನೆಯ ಭೀಮಾಬಾಯಿ. ಪಿಸುಮಾತೆಂದು ಆಡಿದ್ದು ಬಚ್ಚಲತನಕ ಕೇಳಿಸಿತು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ಅತ್ತರೆ ನಾಟಕ, ಅಳದಿದ್ದರೆ ಕಲ್ಲು. ನಿಜ ಹೇಳಬೇಕೆಂದರೆ ಚಂದ್ರಮತಿಗೆ ಅಳು ಬರಲಿಲ್ಲ, ಅಷ್ಟೇ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳ ಒಳಗೆಲ್ಲ ಜೋಮು ಹಿಡಿದಿತ್ತು. ಯಾರು ಏನೇ ಹೇಳಲಿ, ದೂರದ ಹೊಲದಲ್ಲಿ ಯಾರೋ ಯಾರನ್ನೋ ಕೂಗಿದಂತೆ ಕೇಳಿಸುತ್ತಿತ್ತು. ತಲೆಯಾಡಿಸುತ್ತಿದ್ದಳು, ಚಹಾ ಸೋಸಿ ಕೊಡುತ್ತಿದ್ದಳು, ಲೋಟ ತೊಳೆದಿಡುತ್ತಿದ್ದಳು.

ತೊಂಬತ್ತೈದನೆಯ ಇಸವಿ, ತಂಬಾಕು ಕಡಿಯುವ ಕಾಲ. ಜಯಪಾಲನಿಗೆ ಮೂವತ್ತಾರು. ವೇದಗಂಗೆಯ ದಂಡೆಗೆ ನಾಲ್ಕು ಎಕರೆ ಹೊಲ. ಆಳುಗಳ ಜೊತೆ ತಾನೂ ಕುಡುಗೋಲು ಹಿಡಿಯುವ ಮನುಷ್ಯ. ಒಂದು ಮುಂಜಾನೆ ಹಲ್ಲು ತಿಕ್ಕುವಾಗ ಒಸಡಿನಿಂದ ರಕ್ತ ಬಂತು, ಮಧ್ಯಾಹ್ನವಾದರೂ ನಿಲ್ಲಲಿಲ್ಲ. ತೊಡೆಯ ಮೇಲೆ, ಬೆನ್ನ ಮೇಲೆ ಯಾರೋ ಬಾರಿಸಿದಂತೆ ನೀಲಿ ಕಲೆಗಳು. ನಿಪ್ಪಾಣಿಯ ಡಾಕ್ಟರು ನೋಡಿದವರೇ, ಮಿರಜದ ದೊಡ್ಡ ದವಾಖಾನೆಗೆ ಇವತ್ತೇ ಒಯ್ಯಿರಿ ಎಂದರು. ಚಿಕ್ಕಪ್ಪ ಬಾಪುಸಾಹೇಬ ಕಾಕಾ ಬಾಡಿಗೆ ಜೀಪಿನಲ್ಲಿ ಒಯ್ದರು. ಮರುದಿನ ಫೋನು ಬಂತು. ಅದರ ಮರುದಿನ ಚಂದ್ರಮತಿಯೂ ಅತ್ತೆ ಕಾಶಿಬಾಯಿಯೂ ಬಸ್ಸು ಹತ್ತಿದರು.

ಕಾಶಿಬಾಯಿಯ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಮುಂದೆ ಅವಳನ್ನು ಕೆಟ್ಟವಳೆಂದು ತಿಳಿದೀರಿ. ಅವಳು ಕೆಟ್ಟವಳಲ್ಲ. ಇಪ್ಪತ್ತೆಂಟಕ್ಕೆ ವಿಧವೆಯಾಗಿ ಒಂದೇ ಮಗನನ್ನು ಬೆಳೆಸಿದವಳು, ಜೈನರ ನೇಮ ಒಂದನ್ನೂ ಮುರಿಯದವಳು. ಸೋಸದ ನೀರು ಕುಡಿದವಳಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕಿದವಳಲ್ಲ, ನೆಲದೊಳಗೆ ಬೆಳೆದ ಗಡ್ಡೆಯನ್ನು ಮನೆಯೊಳಗೆ ಬಿಟ್ಟವಳಲ್ಲ. ಇರುವೆ ಸಾಲು ಕಂಡರೆ ಕಸಬರಿಗೆ ಬದಿಗಿಟ್ಟು ಅವು ಹೋಗುವತನಕ ಕಾಯುತ್ತಿದ್ದಳು. ಮನುಷ್ಯರ ಮೇಲೆ ಮಾತ್ರ ನಾಲಿಗೆ ಸ್ವಲ್ಪ ಹರಿತ. ಅದೊಂದು ಕಡೆ ಅಹಿಂಸೆ ಅಷ್ಟಕ್ಕಷ್ಟೇ.

ದವಾಖಾನೆಯಲ್ಲಿ ಈ ರೋಗವನ್ನು ನೋಡುತ್ತಿದ್ದವರು ಹೆರವಾಡಕರ ಬಾಯಿ ಎಂಬ ಡಾಕ್ಟರು. ಜಮಖಂಡಿ ಕಡೆ ಬೆಳೆದ ಹೆಣ್ಣುಮಗಳು, ಹಾಗಾಗಿ ಕನ್ನಡ ನೀರು ಕುಡಿದಷ್ಟು ಸಲೀಸು. ಅತ್ತೆ ಸೊಸೆಯನ್ನು ಕೂರಿಸಿಕೊಂಡು ಸಾವಕಾಶವಾಗಿ ಹೇಳಿದರು.

"ರಕ್ತದ ಕ್ಯಾನ್ಸರಿನ್ಯಾಗೂ ಇದು ಭಾಳ ಅಪರೂಪದ್ದು ನೋಡ್ರಿ ಆಯಿ. ರಕ್ತದ ಕಣ ಹುಟ್ಟತಾವ, ಆದ್ರ ದೊಡ್ಡವಾಗೂದಿಲ್ಲ. ಸಣ್ಣ ಹುಡುಗರಂಗ ಉಳದು ಮನಿ ತುಂಬ ಧಾಂದಲೆ ಎಬ್ಬಸ್ತಾವ. ಈಗ ಒಂದು ಹೊಸಾ ಗುಳಿಗಿ ಬಂದೈತಿ. ಅದು ಅವನ್ನ ಕೊಲ್ಲೂದಿಲ್ಲ. ಬೆಳಸಿ ಶಾಣ್ಯಾ ಮಾಡ್ತೈತಿ."

ಕಾಶಿಬಾಯಿ ಮುಂದಕ್ಕೆ ಬಾಗಿದಳು. "ಕೊಲ್ಲೂದಿಲ್ಲ?"

"ಇಲ್ರಿ."

"ಹಂಗಾದ್ರ ನಮ್ಮ ಧರ್ಮಕ್ಕ ಒಪ್ಪೂ ಔಷಧ ಬಿಡ್ರಿ," ಎಂದಳು ಕಾಶಿಬಾಯಿ. ಮಗ ಆಸ್ಪತ್ರೆ ಸೇರಿದ ಮೇಲೆ ಅವಳ ಮುಖ ಸಡಿಲಾದದ್ದು ಅದೇ ಮೊದಲು.

ಆದರೆ ಎಷ್ಟು ಗುಳಿಗೆ ಕೊಡಬೇಕು ಎಂಬುದರಲ್ಲಿ ಇನ್ನೂ ಒಮ್ಮತ ಇರಲಿಲ್ಲ. ದಿನಕ್ಕೆ ಎಂಟು ಎಂದು ಕೆಲವರು, ನಾಲ್ಕೇ ಸಾಕು ಎಂದು ಕೆಲವರು. ಎಂಟು ತಿಂದವರಿಗೆ ತಲೆನೋವು, ತುಟಿ ಒಡೆಯುವುದು, ಉಸಿರು ಕಟ್ಟುವುದು ಹೆಚ್ಚು. ನಾಲ್ಕು ತಿಂದವರಿಗೆ ರೋಗ ಬಿಡುತ್ತದೋ ಇಲ್ಲವೋ ಎಂಬ ಹೆದರಿಕೆ. ಅದನ್ನೇ ಹೋಲಿಸಿ ನೋಡುವುದು ಹೆರವಾಡಕರ ಬಾಯಿಯ ಕೆಲಸ. ಒಪ್ಪಿ ಸಹಿ ಹಾಕಿದವರ ಎದುರಿಗೇ ಮುಚ್ಚಿದ ಲಕೋಟೆ ಒಡೆಯುತ್ತಿದ್ದರು. ಒಳಗಿನ ಚೀಟಿಯಲ್ಲಿ ಎಂಟು ಇದ್ದರೆ ಎಂಟು, ನಾಲ್ಕು ಇದ್ದರೆ ನಾಲ್ಕು. ಎರಡು ವರ್ಷಕ್ಕೆ ಸಿಕ್ಕವರೇ ಎಂಟು ಜನ. ಜಯಪಾಲ ಒಂಬತ್ತನೆಯವನು. ಅವನ ಚೀಟಿಯಲ್ಲಿ ಎಂಟು ಬಂತು.

ಅದೇ ದಿನ ಹತ್ತನೆಯವನೂ ಬಂದಿದ್ದ. ಅಥಣಿ ಆಚೆಯ ತೆಲಸಂಗದಿಂದ, ಮಲಕಾರಿ ಎಂಬ ಕುರಿ ಕಾಯುವ ಮನುಷ್ಯ. ಜೊತೆಗೆ ಹೆಂಡತಿ ಹೊಳೆವ್ವ. ಅವನ ಚೀಟಿಯಲ್ಲಿ ನಾಲ್ಕು. ಹೊಳೆವ್ವ ವರಾಂಡದಲ್ಲೇ ಕುಸಿದು ಕೂತು ಎದೆ ಬಡಿದುಕೊಂಡಳು.

"ಉಳ್ಳವರಿಗೆ ಎಂಟು, ಕುರಿ ಕಾಯೋರಿಗೆ ನಾಕು! ದೇವರ ಮನ್ಯಾಗೂ ಇದ ನ್ಯಾಯ ಏನ್ರೆ ಯವ್ವಾ!"

"ಚೀಟಿಗೇನು ಜಾತಿ ಗೊತ್ತೈತೇನ ತಂಗಿ, ಅಳಬ್ಯಾಡ," ಎಂದು ಕಾಶಿಬಾಯಿ ಸಮಾಧಾನ ಹೇಳಿದಳು. ಸೊಸೆಯ ಕಡೆ ತಿರುಗಿ ಮಾತ್ರ, "ನಮ್ಮ ಪುಣ್ಯ ದೊಡ್ಡದು," ಎಂದಳು. ಚಂದ್ರಮತಿ ತಲೆಯಾಡಿಸಿದಳು. ಎಂಟು ಎಂದರೂ ನಾಲ್ಕು ಎಂದರೂ ಅವಳಿಗೆ ಒಂದೇ ಆಗಿತ್ತು.

ಮೊದಲ ಹನ್ನೆರಡು ದಿನ ಜಯಪಾಲ ವಾರ್ಡಿನಲ್ಲೇ ಇದ್ದ. ಮುಂಜಾನೆ ನಾಲ್ಕು, ಸಂಜೆ ನಾಲ್ಕು ಗುಳಿಗೆಯನ್ನು ನರ್ಸಮ್ಮನೇ ಬಾಯಿಗೆ ಹಾಕಿ ನೀರು ಕುಡಿಸುತ್ತಿದ್ದಳು. ಮೆತ್ತನೆಯ, ಎಣ್ಣೆ ತುಂಬಿದ, ಹುಣಸೆಬೀಜದಷ್ಟು ದೊಡ್ಡ ಗುಳಿಗೆ. ಹೊತ್ತು ಮುಳುಗುವ ಮೊದಲೇ ಸಂಜೆಯದು ಕೊಡಬೇಕು ಎಂದು ಕಾಶಿಬಾಯಿ ಕೇಳಿದಳು. ಹೆರವಾಡಕರ ಬಾಯಿ ನಕ್ಕು, "ಅದಕ್ಕೇನಂತ, ಐದಕ್ಕ ಕೊಡೂಣ," ಎಂದರು. ಐದನೆಯ ದಿನ ಒಸಡಿನ ರಕ್ತ ನಿಂತಿತು. ಎಂಟನೆಯ ದಿನ ತುಟಿ ಒಡೆಯಿತು. ಬೇಸಿಗೆಯ ಕೆರೆಯ ತಳದಂತೆ ಬಿರುಕು ಬಿಟ್ಟು, ಸಿಪ್ಪೆ ಎದ್ದು, ನಗಲೂ ಆಗದಂತಾಯಿತು. ನಗುವುದೇ ಅವನ ಚಟ, ಪಾಪ.

"ಚಂದ್ರಾ, ನಗಸಬ್ಯಾಡ, ರಗತ ಬರ್ತೈತಿ," ಎನ್ನುತ್ತಿದ್ದ. ಅವಳು ನಗಿಸುತ್ತಲೇ ಇರಲಿಲ್ಲ. ಅವಳಷ್ಟಕ್ಕೆ ಅವಳು ಅವನ ಹಾಸಿಗೆಯ ಬದಿಗೆ ಕೂತಿರುತ್ತಿದ್ದಳು.

ಹದಿಮೂರನೆಯ ದಿನ ಮನೆಗೆ ಬಿಟ್ಟರು. ಕಂದು ಬಣ್ಣದ ಬಾಟಲಿಯಲ್ಲಿ ಒಂದು ವಾರದ ಗುಳಿಗೆ. ಪ್ರತಿ ಸೋಮವಾರ ಬರಬೇಕು, ರಕ್ತ ಕೊಡಬೇಕು, ಖಾಲಿ ಬಾಟಲಿ ತೋರಿಸಬೇಕು, ಹೊಸದು ಒಯ್ಯಬೇಕು.

ಮನೆಗೆ ಬಂದ ಮರುದಿನವೇ ಬಾಪುಸಾಹೇಬ ಕಾಕಾ ನಿಪ್ಪಾಣಿಯಿಂದ ಮೋಸಂಬಿ ಹಿಡಿದುಕೊಂಡು ಬಂದರು. ತಂಬಾಕಿನ ವ್ಯಾಪಾರಿ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಮೂರು ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದುವವರು. ಬಾಟಲಿಯಿಂದ ಒಂದು ಗುಳಿಗೆ ತೆಗೆದು ಬೆಳಕಿಗೆ ಹಿಡಿದು ನೋಡಿ ಅತ್ತಿಗೆಯ ಕಡೆ ತಿರುಗಿದರು.

"ವೈನಿ, ಇದರ ಮ್ಯಾಲಿನ ಸಿಪ್ಪಿ ಯಾತರದು ಗೊತ್ತೈತೇನು?"

"ಯಾತರದು?"

"ದನದ ಎಲವು, ತೊಗಲು ಕುದಿಸಿ ತಗದ ಅಂಟು. ಇಂಥಾ ಗುಳಿಗಿಗೆಲ್ಲ ಅದನ್ನ ಹಾಕ್ತಾರ. ನಾ ಪೇಪರಿನ್ಯಾಗ ಓದೀನಿ."

ಹೇಳಿದರು, ಚಹಾ ಕುಡಿದರು, ಮೂರರ ಬಸ್ಸು ಹತ್ತಿ ಹೋದರು. ಕಿಡಿ ಹಾರಿಸಿ ಹೋಗುವವರಿಗೆ ಬೆಂಕಿ ಆರಿಸುವ ಕೆಲಸ ಇರುವುದಿಲ್ಲ ನೋಡಿ.

ಕಾಶಿಬಾಯಿ ಬೆರಳು ಮಡಚಿ ದಿನ ಎಣಿಸಿದಳು. ಹನ್ನೆರಡು ದಿನ ಮಗನ ಹೊಟ್ಟೆಯೊಳಗೆ ಅದು ಹೋಗಿತ್ತು. ಎದ್ದು ಬಸದಿಗೆ ಹೋಗಿ ಬಂದಳು. ಬರುವಾಗ ಉಪಾಯ ಹೊಳೆದಿತ್ತು.

"ಔಷಧ ಇರೂದು ಒಳಗ. ಸಿಪ್ಪಿ ಬರೇ ಮ್ಯಾಲಿನ ಅರಿವಿ. ಅರಿವಿ ಕಳದು ಒಳಗಿಂದು ಕೊಡೂಣು. ರೋಗಾನೂ ಹೋಗ್ಲಿ, ಧರ್ಮಾನೂ ಉಳೀಲಿ."

"ಡಾಕ್ಟರ ಬಾಯಿನ್ನ ಒಂದು ಮಾತು ಕೇಳೂಣೇನ್ರಿ ಅತ್ತಿ?" ಎಂದಳು ಚಂದ್ರಮತಿ.

"ಕೇಳಿದ್ರ ಆಕಿ ಏನಂತಾಳ? ನುಂಗು ಅಂತಾಳ. ಗುಳಿಗಿ ಕೊಡೂದು ಆಕಿ ಕೆಲಸ, ಪಾಪ ಹೊರೂದು ನಮ್ಮ ಕೆಲಸ."

ಜಯಪಾಲ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. "ಅವ್ವ ಹೇಳಿದಂಗ ಆಗ್ಲಿ," ಎಂದ.

ಇನ್ನೊಂದು ಮಾತು ಆಡುವ ಶಕ್ತಿ ಚಂದ್ರಮತಿಯಲ್ಲಿ ಇರಬಹುದಿತ್ತು. ಬೇರೆ ದಿನಗಳಲ್ಲಾದರೆ ಅವಳೂ ಬಾಯಿ ಇಲ್ಲದವಳೇನಲ್ಲ; ಅತ್ತೆಯ ಒಂದಕ್ಕೆ ಎರಡು ಹೇಳಿದವಳೇ. ಆದರೆ ಜೋಮು ಹಿಡಿದವರು ಜಗಳ ಆಡುತ್ತಾರೆಯೇ? ಕೌದಿ ಹೊಲಿಯುವ ಸೂಜಿಯನ್ನು ಬಿಸಿನೀರಲ್ಲಿ ತೊಳೆದು ತಂದಳು. ಅಂಗಳದಲ್ಲಿ ಕೂತು ಒಂದೊಂದೇ ಗುಳಿಗೆಗೆ ಚುಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ, ಹಳದಿ ಎಣ್ಣೆಯನ್ನು ಹಿತ್ತಾಳೆ ಬಟ್ಟಲಿನ ಹಾಲಿಗೆ ಹಿಂಡಿದಳು. ನಾಲ್ಕು ಮುಂಜಾನೆ, ನಾಲ್ಕು ಸಂಜೆ ಐದಕ್ಕೆ. ಎಣ್ಣೆ ಗಟ್ಟಿ; ಸಿಪ್ಪೆಯೊಳಗೆ ಸ್ವಲ್ಪ ಉಳಿಯುತ್ತಿತ್ತು, ಬೆರಳಿಗೆ ಸ್ವಲ್ಪ ಹತ್ತುತ್ತಿತ್ತು, ಬಟ್ಟಲಿನ ಗೋಡೆಗೆ ಸ್ವಲ್ಪ. ತಳದ ಗುಟುಕು ಬಾಯಿಗೆ ಜಿಡ್ಡು ಎಂದು ಜಯಪಾಲ ಬಿಟ್ಟುಬಿಡುತ್ತಿದ್ದ. ಅವಳು ಬೆರಳನ್ನು ಹಳೆಯ ಬಟ್ಟೆಗೆ ಒರೆಸಿಕೊಂಡು, ಬಟ್ಟಲಿಗೆ ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ತೊಳೆಯುವುದರಲ್ಲಂತೂ ಅವಳ ಕೈ ಎಂದೂ ಹಿಂದೆ ಬಿದ್ದದ್ದಲ್ಲ.

ಸಿಪ್ಪೆಗಳನ್ನು ಮನೆಯ ಕಸಕ್ಕೆ ಹಾಕುವಂತಿರಲಿಲ್ಲ. "ಒಂದು ಜೀವದ್ದು ಬೇ ಅದು, ತಿಪ್ಪಿಗೆ ಒಗೀತಿ ಏನು?" ಎಂದಳು ಕಾಶಿಬಾಯಿ. ದಿನಾ ಸಂಜೆ ಎಂಟು ಸಿಪ್ಪೆಗಳನ್ನು ಎಲೆಯಲ್ಲಿ ಸುತ್ತಿ ಹೊಲದ ಬದುವಿಗೆ ಒಯ್ದು, ಬೇವಿನ ಬುಡದಲ್ಲಿ ಸಣ್ಣ ಕುಣಿ ತೋಡಿ ಹುಗಿದು ಬರಬೇಕು. ಬಂದು ಮೈ ತೊಳೆಯುವತನಕ ಪೂಜೆಯ ತಾಟು ಮುಟ್ಟುವಂತಿಲ್ಲ. ಚಂದ್ರಮತಿ ಅದನ್ನೂ ಮಾಡಿದಳು. ಏನನ್ನು ಹುಗಿಯುತ್ತಿದ್ದೇನೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ನಾಲ್ಕೈದು ದಿನಕ್ಕೆ ಜಯಪಾಲನ ತುಟಿ ಮಾಯಲು ಸುರುವಾಯಿತು. ವಾರ ತುಂಬುವುದರೊಳಗೆ ಮೊದಲಿನಂತೆ ಮೆತ್ತಗಾಯಿತು. ಅವನು ನಗತೊಡಗಿದ. ಕಾಶಿಬಾಯಿ ಓಣಿಗೆಲ್ಲ ಹೇಳಿಕೊಂಡು ಬಂದಳು: "ಸಿಪ್ಪಿದ ವಿಷಾನೇ ತುಟಿ ಒಡಸಾಕತ್ತಿತ್ತು ನೋಡ್ರೆವ್ವಾ. ಸಿಪ್ಪಿ ಬಿಡಿಸಿದ್ವಿ, ತುಟಿ ನೆಟ್ಟಗಾತು!" ಕಲ್ಲು ಎಂದಿದ್ದ ಭೀಮಾಬಾಯಿಯೇ ಬಂದು ಚಂದ್ರಮತಿಯ ತಲೆ ನೇವರಿಸಿ ಹೋದಳು.

ಮೊದಲ ಸೋಮವಾರ ರಕ್ತದ ಚೀಟಿ ನೋಡಿ ಹೆರವಾಡಕರ ಬಾಯಿ ಪರವಾಗಿಲ್ಲ ಎಂದರು. "ಎಂಟೂ ಗುಳಿಗಿ ಹೋಗ್ಯಾವಲ್ರಿ?" ಎಂದು ಕೇಳಿದರು. ಖಾಲಿ ಬಾಟಲಿ ಮೇಜಿನ ಮೇಲಿತ್ತು. "ಹೌದ್ರಿ," ಎಂದಳು ಚಂದ್ರಮತಿ. ಸುಳ್ಳೇನಲ್ಲ, ಎಂಟೂ ಹೋಗಿದ್ದವು. ಎರಡನೆಯ ಸೋಮವಾರ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ಎಂಟೂ?" "ಹೌದ್ರಿ." ಆ ವಾರದ ಕೊನೆಗೆ ಜಯಪಾಲನ ತೋಳಿನ ಮೇಲೆ ಮತ್ತೆ ನೀಲಿ ಕಲೆ ಕಂಡಿತು. ತಂಬಾಕಿನ ಹೊರೆ ತಾಕಿರಬೇಕು ಎಂದ. ತಂಬಾಕಿನ ಹೊರೆಯ ಹತ್ತಿರ ಅವನು ಹೋಗಿರಲೇ ಇಲ್ಲ.

ಮೂರನೆಯ ಸೋಮವಾರ ರಕ್ತ ಕೊಟ್ಟು ದವಾಖಾನೆಯ ಅಂಗಳದಲ್ಲಿ ಕಾಯುತ್ತಿದ್ದರು. ಜಯಪಾಲ ಬೆಂಚಿನ ಮೇಲೆ ಮಲಗಿದ್ದ, ಕಾಶಿಬಾಯಿ ಅವನ ತಲೆಯ ಹತ್ತಿರ ಕೂತು ಜಪ ಮಾಡುತ್ತಿದ್ದಳು. ಹೊಳೆವ್ವ ಗಂಡನನ್ನು ಕರೆದುಕೊಂಡು ಅಥಣಿ ಬಸ್ಸಿನಿಂದ ಇಳಿದು ಬಂದಳು. ಮಲಕಾರಿ ತಾನೇ ನಡೆದು ಬರುತ್ತಿದ್ದ. ಕೈಯಲ್ಲಿ ಕೋಲು ಸಹ ಇರಲಿಲ್ಲ.

"ನಾಕ ಗುಳಿಗಿ ಇಂವಗ ಹತ್ಯಾವ ನೋಡಕ್ಕಾ," ಎಂದಳು ಹೊಳೆವ್ವ ಪಕ್ಕದಲ್ಲಿ ಕೂರುತ್ತ. ಅವಳ ದನಿಯಲ್ಲಿ ಸಂಕೋಚವಿತ್ತು. ತನ್ನ ಗಂಡ ಚೇತರಿಸಿಕೊಂಡದ್ದೇ ತಪ್ಪೆಂಬಂತೆ. "ಆದ್ರ ತುಟಿ ನೋಡು, ಹೆಂಗ ಒಡದಾವು. ನಾಕಕ್ಕ ಹಿಂಗಂದ್ರ ನಿಮ್ಮ ಯಜಮಾನ್ರಿಗೆ ಎಂಟಕ್ಕ ಹೆಂಗ ಆಗಿರಬೇಕಂತ ದಿನಾ ಅಂತೀನಿ. ದಿನಾ ಬೆಣ್ಣಿ ಹಚ್ತೀನಿ ಇಂವಗ." ಆಮೇಲೆ ಚಂದ್ರಮತಿಯ ಕೈ ಹಿಡಿದು ತಿರುಗಿಸಿ, "ಅಯ್ಯ, ಬೆರಳಿಗೇನಾತ ಯವ್ವಾ? ಇಂವನ ತುಟಿ ಆದಂಗ ಆಗ್ಯಾವಲ್ಲ!" ಎಂದಳು.

ಚಂದ್ರಮತಿ ತನ್ನ ಕೈ ನೋಡಿಕೊಂಡಳು. ಹೆಬ್ಬೆರಳು, ತೋರುಬೆರಳು ಕೆಂಪಗಾಗಿ, ಒಣಗಿ, ತೊಗಲು ಪದರ ಪದರ ಎದ್ದಿತ್ತು. ಹತ್ತು ಹನ್ನೆರಡು ದಿನದಿಂದ ಹಾಗೇ ಇತ್ತು. ಬೂದಿ ತಿಕ್ಕಿ ತಿಕ್ಕಿ ಹೀಗಾಗಿದೆ ಎಂದುಕೊಂಡಿದ್ದಳು. ಅವಳು ಮಲಕಾರಿಯ ತುಟಿ ನೋಡಿದಳು. ಬೆಂಚಿನ ಮೇಲೆ ಮಲಗಿದ ಗಂಡನ ತುಟಿ ನೋಡಿದಳು. ಹಸುಗೂಸಿನ ತುಟಿಯಂತೆ ನುಣ್ಣಗಿತ್ತು. ಮತ್ತೆ ತನ್ನ ಬೆರಳು ನೋಡಿದಳು. ಔಷಧ ಎಲ್ಲಿ ಹೋಯಿತು ಎಂದು ಅವಳಿಗೆ ಆಗ ತಿಳಿಯಿತು. ಗಂಡನ ಹೊಟ್ಟೆಗೆ ಹೋಗಬೇಕಾದದ್ದು ಅವಳ ಬೆರಳಿಗೆ, ಬಟ್ಟಲಿಗೆ, ಒರೆಸುವ ಬಟ್ಟೆಗೆ, ಬೇವಿನ ಬುಡಕ್ಕೆ ಹೋಗಿತ್ತು.

ಅಷ್ಟರಲ್ಲೇ ಒಳಗಿನಿಂದ ಹೆಸರು ಕೂಗಿದರು.

ಹೆರವಾಡಕರ ಬಾಯಿ ಚೀಟಿಯನ್ನು ಎರಡು ಸಲ ನೋಡಿ ಕೆಳಗಿಟ್ಟರು. "ಆಯಿ, ಸುಳ್ಳು ಆಸೆ ತೋರಸೂದಿಲ್ಲ. ರೋಗ ತಿರುಗಿ ಎದ್ದೈತಿ. ಪೂರ್ತಿ ಪ್ರಮಾಣ ಕೊಟ್ರೂ ಜಗ್ಗವಲ್ದು ಅಂದ್ರ ಈ ಗುಳಿಗಿ ಇವರಿಗೆ ನಡೀದಂಗ ಕಾಣ್ತೈತಿ. ಇನ್ನ ಕೊಟ್ಟು ಉಪಯೋಗ ಇಲ್ಲ. ಇದಕ್ಕಿಂತ ಜಬರದಸ್ತ ಇಂಜೆಕ್ಷನ್ ಅದಾವ, ಆದ್ರ ಈಗಿನ ಮೈಗೆ ಅವನ್ನ ತಡಕೊಳ್ಳಾಕ ಆಗೂದಿಲ್ಲ." ಸ್ವಲ್ಪ ತಡೆದು ಮತ್ತೆ ಹೇಳಿದರು, "ಎಂಟೂ ಗುಳಿಗಿ ದಿನಾ ಹೋಗ್ಯಾವ, ಹೌದಲ್ರಿ?"

ಚಂದ್ರಮತಿ ಅತ್ತೆಯ ಕಡೆ ನೋಡಿದಳು. ಕಾಶಿಬಾಯಿಯ ತುಟಿ ಇನ್ನೂ ಜಪದಲ್ಲೇ ಅಲುಗುತ್ತಿತ್ತು. ಈಗ ಬಾಯಿ ಬಿಟ್ಟರೆ, ನಿನ್ನ ಮಗನನ್ನು ನೀನೇ ಕೈಯಾರೆ ಈ ಗತಿಗೆ ತಂದೆ ಎಂದು ಆ ಮುದುಕಿಗೆ ಹೇಳಿದಂತೆ. ಇಲ್ಲ, ಸೂಜಿ ಹಿಡಿದ ಕೈ ತನ್ನದು.

"ಹೌದ್ರಿ," ಎಂದಳು.

ಡಾಕ್ಟರು ಉದ್ದನೆಯ ರಿಜಿಸ್ಟರಿನಲ್ಲಿ ಏನೋ ಬರೆದರು. ಎಂಟು ಗುಳಿಗೆಯ ಸಾಲಿನಲ್ಲಿ, ಜಯಪಾಲನ ಹೆಸರಿನ ಮುಂದೆ. ಸೋತಿತು ಎಂದೇ ಬರೆದಿರಬೇಕು.

"ನಡೀರಿ," ಎಂದಳು ಕಾಶಿಬಾಯಿ ಹೊರಗೆ ಬಂದು. ಅವಳ ಕಣ್ಣಲ್ಲೂ ನೀರಿರಲಿಲ್ಲ. "ಏನ ಆಗೂದಿದ್ರೂ ನಮ್ಮ ಮನ್ಯಾಗ ಆಗ್ಲಿ."

ಬಸ್ ಸ್ಟ್ಯಾಂಡಿನಲ್ಲಿ ಊರ ದಾರಿಯ ಇಚಲಕರಂಜಿ ಬಸ್ಸಿಗೆ ಒಂದೂವರೆ ತಾಸು ಕಾದರು. ಜಯಪಾಲ ಹೆಂಡತಿಯ ಭುಜಕ್ಕೆ ಒರಗಿ ಕೂತಿದ್ದ. ಮೈಯೆಲ್ಲ ಕಾವು. "ಚಂದ್ರಾ," ಎಂದ ಮೆಲ್ಲಗೆ, "ಮನೀಗೆ ಹೋದ ಮ್ಯಾಲೆ ಆ ಎಣ್ಣಿ ಹಾಲು ಇನ್ನ ಕುಡ್ಯೂದ ಇಲ್ಲಲ್ಲ? ಛಲೋ ಆತು ಬಿಡು." ಹೇಳಿ ನಕ್ಕ. ನುಣ್ಣಗಿನ ತುಟಿ ಅಗಲವಾಗಿ ಅರಳಿತು, ಒಂದು ಹನಿ ರಕ್ತವೂ ಅಲ್ಲಿಂದ ಬರಲಿಲ್ಲ. ಬಂದದ್ದು ಒಸಡಿನಿಂದ. ಹಲ್ಲಿನ ಸಂದಿಯಲ್ಲಿ ಕೆಂಪಗೆ ಒಂದು ಗೆರೆ.

ಬಸ್ಸು ಬಂತು. "ಚಲಾ, ಇಚಲಕರಂಜಿ, ಚಲಾ!" ಎಂದು ಕಂಡಕ್ಟರ್ ಬಾಗಿಲು ಬಡಿದ. ಕಾಶಿಬಾಯಿ ಚೀಲ ಎತ್ತಿಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದಳು. ಸೊಸೆ ಎದ್ದಿರಲಿಲ್ಲ.

"ಹತ್ತು ಬೇ."

"ನಾ ಹತ್ತೂದಿಲ್ರಿ."

"ಏನಂದಿ?"

"ಅತ್ತಿ, ನನ್ನ ಬೆರಳು ನೋಡ್ರಿ." ಚಂದ್ರಮತಿಯ ದನಿ ನಡುಗಲಿಲ್ಲ, ಅಕ್ಕಿ ತೀರಿದೆ ಎಂದು ಹೇಳುವಾಗಿನ ದನಿಯಲ್ಲೇ ಹೇಳಿದಳು. "ಆ ಎಣ್ಣಿ ಹತ್ತಿದ ಕಡೆ ತೊಗಲು ಒಡೀತೈತಿ. ಮಲಕಾರಿ ತುಟಿ ಒಡದಾವು. ದವಾಖಾನ್ಯಾಗಿದ್ದಾಗ ಇವರದೂ ಒಡದಿದ್ವು. ಮನೀಗೆ ಬಂದ ಮ್ಯಾಲೆ ಇವರ ತುಟಿ ಮಾಯ್ದು ನನ್ನ ಬೆರಳು ಒಡದಾವು. ಇವರಿಗೆ ಎಂಟು ಹೋಗಿಲ್ಲ. ನಾಕೂ ಹೋಗಿಲ್ಲ. ನಾ ಡಾಕ್ಟರ ಬಾಯಿ ಮುಂದ ಹೇಳಬೇಕು."

ಕಾಶಿಬಾಯಿ ಮೆಟ್ಟಿಲಿನ ಮೇಲೆ ಹಾಗೇ ನಿಂತಿದ್ದಳು. "ಆಯಿ, ಚಢಾ ನಾಹೀತರ ಉತರಾ!" ಎಂದು ಕಂಡಕ್ಟರ್ ರೇಗಿದ. ಹತ್ತುವುದಾದರೆ ಹತ್ತಬೇಕು, ಇಲ್ಲ ಇಳಿಯಬೇಕು. ಹಿಂದಿದ್ದವರು ತಳ್ಳಿದರು. ಅವಳು ಇಳಿದಳು. ಬಸ್ಸು ಹೋಯಿತು. ದವಾಖಾನೆಯ ದಾರಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದಳು. ಆ ವಯಸ್ಸಿಗೆ ಆ ನಡಿಗೆಯನ್ನು ಅವಳು ಎಲ್ಲಿಂದ ತಂದಳೋ, ಗಂಡನನ್ನು ಹಿಡಿದುಕೊಂಡು ಬರುತ್ತಿದ್ದ ಚಂದ್ರಮತಿಗೆ ಅವಳನ್ನು ಕೂಡಿಕೊಳ್ಳಲಾಗಲಿಲ್ಲ.

ಹೆರವಾಡಕರ ಬಾಯಿ ಕೋಣೆಗೆ ಬೀಗ ಹಾಕುತ್ತಿದ್ದರು. ಚಂದ್ರಮತಿ ಕೈ ಮುಂದೆ ಚಾಚಿದಳು. ಡಾಕ್ಟರು ಆ ಬೆರಳನ್ನು ದೀಪದ ಕೆಳಗೆ ಹಿಡಿದು ನೋಡಿದರು. ಇದೇ ಔಷಧವನ್ನು ಮುಖದ ಮೊಡವೆಗೆ ಮುಲಾಮಾಗಿ ಹಚ್ಚಿಕೊಂಡವರ ತೊಗಲು ಹೀಗೇ ಏಳುವುದನ್ನು ಅವರು ಕಂಡವರು. ಹಾಕಿದ ಬೀಗವನ್ನು ಮತ್ತೆ ತೆಗೆದರು.

"ಏನ ಮಾಡಿದ್ರೆವ್ವಾ ನೀವು?"

ಚಂದ್ರಮತಿ ಸೂಜಿ, ಹಾಲು, ಬಟ್ಟಲು, ಬೇವಿನ ಗಿಡ ಎಲ್ಲ ಹೇಳಿದಳು. ಯಾರು ಹೇಳಿ ಮಾಡಿಸಿದರು ಎಂಬುದೊಂದನ್ನು ಬಿಟ್ಟು. "ನಾನ ಮಾಡೀನ್ರಿ," ಎಂದಳು.

"ಆಕಿ ಅಲ್ಲ," ಎಂದಳು ಕಾಶಿಬಾಯಿ. "ನಾ ಮಾಡಿಸೀನಿ. ಆಕಿ ಕೇಳೂಣು ಅಂದ್ಲು, ನಾ ಬ್ಯಾಡ ಅಂದೆ."

ಡಾಕ್ಟರಿಗೆ ಸಿಟ್ಟು ಬಂತು. ಬರದೆ ಏನು? ಎರಡು ವರ್ಷದ ಬೆವರು. ಆದರೆ ಸಿಟ್ಟು ಬಾಯಿಗೆ ಬರುವುದರೊಳಗೆ ತಮ್ಮ ಕಡೆಗೇ ತಿರುಗಿತು. "ನಾ ಖಾಲಿ ಬಾಟಲಿ ನೋಡ್ಕೋತ ಕುಂತೆ," ಎಂದರು ತಮ್ಮಷ್ಟಕ್ಕೆ. "ಹೆಂಗ ತಗೋತೀರಿ ಅಂತ ಒಂದ ದಿನಾನೂ ಕೇಳಲಿಲ್ಲ." ರಿಜಿಸ್ಟರು ತೆಗೆದು ಜಯಪಾಲನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಎಂಟರ ಸಾಲಿಗೂ ಇಲ್ಲ, ನಾಲ್ಕರ ಸಾಲಿಗೂ ಇಲ್ಲ. "ಹೋಲಿಕಿ ಲೆಕ್ಕಕ್ಕ ಇವರು ಇನ್ನ ಬರೂದಿಲ್ಲ. ಹೋಗ್ಲಿ. ಔಷಧ ಸೋತಿಲ್ಲ, ಅದು ಹೊಟ್ಟಿಗೇ ಹೋಗಿಲ್ಲ. ಈಗಿಂದೀಗ ಭರತಿ ಮಾಡ್ಕೋತೀನಿ. ಮತ್ತ ಮೊದಲಿಂದ ಸುರು ಮಾಡೂಣು."

"ಒಂದ ಮಾತು ಕೇಳ್ತೀನಿ," ಎಂದಳು ಕಾಶಿಬಾಯಿ. "ಸಿಪ್ಪಿ ಸಮೇತ ನುಂಗಿದ್ರ ನನ್ನ ಮಗ ಉಳೀತಾನೇನು?"

"ಅದನ್ನ ಖಾತ್ರಿ ಹೇಳಾಕ ಬರೂದಿಲ್ಲ ಆಯಿ. ನುಂಗದಿದ್ರ ಉಳ್ಯೂದಿಲ್ಲ. ಇದನ್ನ ಖಾತ್ರಿ ಹೇಳ್ತೀನಿ."

ಅದೇ ಹಳೆಯ ವಾರ್ಡು, ಬೇರೆ ಮಂಚ. ನರ್ಸಮ್ಮ ಗುಳಿಗೆ ತರುವ ಹೊತ್ತಿಗೆ ಕಿಟಕಿಯಾಚೆ ಬೀದಿದೀಪ ಹತ್ತಿದ್ದವು. ಜಯಪಾಲ ನಾಲ್ಕು ಗುಳಿಗೆಯನ್ನೂ ಅಂಗೈಯಲ್ಲಿ ಇಟ್ಟುಕೊಂಡು ತಾಯಿಯ ಮುಖ ನೋಡಿದ. ಮೂವತ್ತಾರು ವರ್ಷದ ಗಂಡಸು, ಐದು ವರ್ಷದ ಹುಡುಗನಂತೆ ನೋಡಿದ.

"ಹೊತ್ತು ಮುಳಗೇತಿ ಅವ್ವಾ."

"ನನಗೇನು ಕಣ್ಣಿಲ್ಲೇನು?" ಎಂದಳು ಕಾಶಿಬಾಯಿ. ಅವನ ಅಂಗೈಯಿಂದ ಒಂದು ಗುಳಿಗೆ ಎತ್ತಿಕೊಂಡಳು. ಮುಟ್ಟಲೇಬಾರದ ವಸ್ತುವನ್ನು ಮೊದಲ ಸಲ ಮುಟ್ಟಿದ್ದಳು. "ಬಾಯಿ ತಗಿ. ಪಾಪ ಇದ್ರ ನನಗಿರ್ಲಿ. ತಗಿ ಅಂದ್ನೆಲ್ಲ?"

ಒಂದೊಂದಾಗಿ ನಾಲ್ಕೂ ತಾನೇ ಹಾಕಿದಳು, ತಾನೇ ನೀರು ಕುಡಿಸಿದಳು. ಆಮೇಲೆ ವರಾಂಡದ ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಅಂದಿನಿಂದ ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗಿದಳು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಮೂರನೆಯ ದಿನ ಮೂಗಿನಿಂದ ರಕ್ತ ಬಂದು ದಿಂಬು ತೊಯ್ದಿತು. ನಾಲ್ಕನೆಯ ದಿನ ಬಾಪುಸಾಹೇಬ ಕಾಕಾ, ಅವರ ಮಗ, ಓಣಿಯ ಇಬ್ಬರು ಬಂದು ರಕ್ತ ಕೊಟ್ಟರು. ಕಾಕಾ ಅತ್ತಿಗೆಯ ಎದುರಿಗೆ ತಲೆ ತಗ್ಗಿಸಿ ನಿಂತರು. ಹರಿತವಾದ ಆ ನಾಲಿಗೆ ಸುಮ್ಮನಾದದ್ದು ಕಂಡು ಚಂದ್ರಮತಿಗೆ ಹೆದರಿಕೆಯಾಯಿತು. ಜೋಮಿನ ಅಡಿಯಿಂದ ಆ ಹೆದರಿಕೆಯೊಂದೇ ಅವಳಿಗೆ ಸ್ಪಷ್ಟವಾಗಿ ತಾಕುತ್ತಿತ್ತು. ದಿನಾ ಮುಂಜಾನೆ ಎದ್ದವಳೇ ಗಂಡನ ತುಟಿ ನೋಡುತ್ತಿದ್ದಳು. ನುಣ್ಣಗೇ ಇರುತ್ತಿತ್ತು. ಅವಳ ಬೆರಳಲ್ಲಿ ಹೊಸ ತೊಗಲು ಬರುತ್ತಿತ್ತು. ಅದನ್ನು ನೋಡಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ.

ಒಂಬತ್ತನೆಯ ದಿನ ಮುಂಜಾನೆ ಚಹಾ ತರಲು ಕೆಳಗೆ ಹೋಗಿದ್ದಳು. ಫ್ಲಾಸ್ಕು ಹಿಡಿದು ತಿರುಗಿ ಬರುವಾಗ ವಾರ್ಡಿನ ಬಾಗಿಲಲ್ಲೇ ನಿಂತಳು. ಕಾಶಿಬಾಯಿ ಮಗನ ಮಂಚದ ಮೇಲೆ ಬಾಗಿದ್ದಳು. ಕೈಯಲ್ಲಿ ತುಪ್ಪದ ಬಟ್ಟಲು. ಜಯಪಾಲನ ಕೆಳತುಟಿಯ ನಡುಮಧ್ಯ ಒಂದು ಸಣ್ಣ ಬಿರುಕು ಬಿಟ್ಟಿತ್ತು, ಅದರ ಅಂಚಿಗೆ ಬಿಳಿಯ ಸಿಪ್ಪೆ ಎದ್ದಿತ್ತು.

"ಉರೀತೈತಿ ಅವ್ವಾ," ಎಂದ ಜಯಪಾಲ.

ಫ್ಲಾಸ್ಕು ಚಂದ್ರಮತಿಯ ಕೈಯಿಂದ ಜಾರಿತು. ನೆಲದ ತುಂಬ ಚಹಾ. ಜೋಮು ಬಿಡುವಾಗ ಸಾವಿರ ಸೂಜಿ ಚುಚ್ಚುತ್ತವಲ್ಲ, ಹಾಗೆ ಮೈಯೆಲ್ಲ ಚುಚ್ಚಿತು. ಅವಳು ಬಾಗಿಲಿಗೆ ಒರಗಿ ಕುಸಿದು ಕೂತು, ಇಡೀ ವಾರ್ಡು ತಿರುಗಿ ನೋಡುವಂತೆ ಬಾಯಿ ಬಿಟ್ಟು ಅತ್ತಳು.

ಕಾಶಿಬಾಯಿ ತಿರುಗಿ ನೋಡಲಿಲ್ಲ. ತುಪ್ಪದಲ್ಲಿ ಬೆರಳು ಅದ್ದಿ ಮಗನ ತುಟಿಗೆ ಸವರಿದಳು.

"ಒಡೀಲಿ," ಎಂದಳು. "ಇನ್ನೂ ಒಡೀಲಿ."